ಫಾದರ್ ಫ್ಲಾನಗನ್ 1946ರಲ್ಲಿ ಹೇಳಿದ ಮಾತನ್ನು ಐರ್ಲೆಂಡ್ ಯಾಕೆ ಕೇಳಿಸಿಕೊಳ್ಳಲಿಲ್ಲ?

ಬಯಲುಸೀಮೆ ಮೇಷ್ಟ್ರು:

ಎಡ್ವರ್ಡ್ ಫ್ಲಾನಗನ್ ಹೆಸರು ಇಲ್ಲಿ ಕೆಲವರಾದರೂ ಕೇಳಿರುತ್ತೀರಿ. ಬೀದಿಪಾಲಾದ ಹುಡುಗರಿಗಾಗಿ ಅಮೆರಿಕದ ನೆಬ್ರಾಸ್ಕ ರಾಜ್ಯದಲ್ಲಿ ‘ಬಾಯ್ಸ್ ಟೌನ್’ ಎಂಬ ಊರನ್ನೇ ಕಟ್ಟಿದ ಕ್ಯಾಥೋಲಿಕ್ ಪಾದ್ರಿ. ಎಲ್ಲಿ ಓದಿದರೂ ಅವರ ಕತೆ ಒಂದೇ ಥರ ಇರುತ್ತದೆ. 1917ರ ಡಿಸೆಂಬರ್ 12ರಂದು 90 ಡಾಲರ್ ಸಾಲ ತಂದು ಒಂದು ಮನೆಗೆ ಬಾಡಿಗೆ ಕಟ್ಟಿದರು. ಐದು ಹುಡುಗರನ್ನು ಇಟ್ಟುಕೊಂಡರು. ಅದು ಬೆಳೆದು ಊರಾಯಿತು. 1938ರಲ್ಲಿ ಹಾಲಿವುಡ್ ಸಿನಿಮಾ ಬಂತು, ಅವರ ಪಾತ್ರ ಮಾಡಿದ ಸ್ಪೆನ್ಸರ್ ಟ್ರೇಸಿಗೆ ಆಸ್ಕರ್ ಸಿಕ್ಕಿತು. ಎಲ್ಲ ನಿಜ. ಆದರೆ ಅವರ ಬದುಕಿನ ದೊಡ್ಡ ಕೆಲಸ ಇದರಲ್ಲಿಲ್ಲ ಅಂತ ನನಗೆ ಅನ್ನಿಸುತ್ತದೆ. ಅದು ನಡೆದದ್ದು 1946ರಲ್ಲಿ, ಅವರು ಹುಟ್ಟಿದ ದೇಶದಲ್ಲಿ. ಅಲ್ಲಿ ಅವರು ಸೋತರು.

ಫ್ಲಾನಗನ್ ಹುಟ್ಟಿದ್ದು 1886ರಲ್ಲಿ, ಐರ್ಲೆಂಡಿನ ಬ್ಯಾಲಿಮೋ ಹತ್ತಿರದ ಒಂದು ರೈತರ ಮನೆಯಲ್ಲಿ. ಹನ್ನೊಂದು ಮಕ್ಕಳಲ್ಲಿ ಎಂಟನೆಯವರು. 1904ರಲ್ಲಿ ಅಮೆರಿಕಕ್ಕೆ ಹೋದವರು 1946ರಲ್ಲಿ ವಾಪಸ್ ಬಂದಾಗ ಐರ್ಲೆಂಡಿಗೆಲ್ಲ ಹೆಮ್ಮೆಯ ಮಗ. ಊರೂರಲ್ಲಿ ಸ್ವಾಗತ, ತುಂಬಿದ ಸಭೆಗಳು. ಆ ಹೊತ್ತಿಗೆ ಐರ್ಲೆಂಡಿನಲ್ಲಿ ‘ಇಂಡಸ್ಟ್ರಿಯಲ್ ಸ್ಕೂಲ್’ ಎಂಬ ವ್ಯವಸ್ಥೆ ಇತ್ತು. ಹೆಸರಿಗೆ ಶಾಲೆ. ತಂದೆತಾಯಿ ಇಲ್ಲದವರು, ಬಡವರ ಮಕ್ಕಳು, ಶಾಲೆ ತಪ್ಪಿಸಿದವರು, ಸಣ್ಣಪುಟ್ಟ ಕಳ್ಳತನ ಮಾಡಿದವರು, ಎಲ್ಲರನ್ನೂ ಕೋರ್ಟು ಅಲ್ಲಿಗೆ ಕಳಿಸುತ್ತಿತ್ತು. ನಡೆಸುತ್ತಿದ್ದದ್ದು ಹೆಚ್ಚಾಗಿ ಚರ್ಚಿನ ಸಂಘಗಳು. ಸರ್ಕಾರ ತಲೆಗಿಷ್ಟು ಅಂತ ದುಡ್ಡು ಕೊಡುತ್ತಿತ್ತು. ಮಕ್ಕಳು ಜಾಸ್ತಿ ಇದ್ದಷ್ಟೂ ದುಡ್ಡು ಜಾಸ್ತಿ. ಒಳಗೆ ಹೊಡೆತ, ಹಸಿವು, ಇನ್ನೂ ಕೆಟ್ಟದ್ದು.

ಫ್ಲಾನಗನ್ ಇದನ್ನು ಕೇಳಿಸಿಕೊಂಡು ಸುಮ್ನೆ ಇರಲಿಲ್ಲ. ಕಾರ್ಕ್ ನಗರದ ತುಂಬಿದ ಸಭೆಯಲ್ಲಿ ಎದ್ದು ನಿಂತು, ನಿಮ್ಮ ಮಕ್ಕಳನ್ನು ಈ ಶಿಕ್ಷೆಯ ಮನೆಗಳಿಗೆ ಹೋಗಲು ಬಿಡುತ್ತಿರುವವರು ನೀವೇ, ಇದನ್ನು ಬದಲಿಸುವುದೂ ನಿಮ್ಮ ಕೈಯಲ್ಲೇ ಇದೆ ಅಂದರು. ಇಲ್ಲಿನ ಶಿಕ್ಷಾಲಯಗಳು ದೇಶಕ್ಕೇ ನಾಚಿಕೆಗೇಡು ಅಂದರು. ಲಿಮರಿಕ್ ಕಡೆಯ ಒಂದು ಶಾಲೆಯಲ್ಲಿ ಹುಡುಗನೊಬ್ಬನನ್ನು ಬಟ್ಟೆ ಬಿಚ್ಚಿಸಿ ಚಾಟಿಯಲ್ಲಿ ಹೊಡೆದಿದ್ದರು. ಆ ಪ್ರಕರಣದ ಕಾಗದಪತ್ರವೂ ಅವರ ಕೈ ಸೇರಿತು. ಅಮೆರಿಕಕ್ಕೆ ಮರಳಿದ ಮೇಲೂ ಪತ್ರಿಕೆಗಳ ಮುಂದೆ ಮಾತಾಡುತ್ತಲೇ ಇದ್ದರು.

ಬಂದ ಉತ್ತರ ಏನು? ನ್ಯಾಯ ಮಂತ್ರಿ ಜೆರಾಲ್ಡ್ ಬೋಲಂಡ್ ಸಂಸತ್ತಿನಲ್ಲಿ, ಅವರ ಮಾತು ಅತಿರೇಕದ್ದು, ಅದಕ್ಕೆ ಗಮನ ಕೊಡುವ ಅಗತ್ಯವಿಲ್ಲ ಎಂಬರ್ಥದಲ್ಲಿ ಹೇಳಿ ಮುಗಿಸಿದರು. ಹಾರ ಹಾಕಿದ ಪತ್ರಿಕೆಗಳಲ್ಲೇ ಬೈಗುಳ ಶುರುವಾಯಿತು. ಅಮೆರಿಕದಿಂದ ಬಂದವರಿಗೆ ನಮ್ಮ ಸಂಗತಿ ಏನು ಗೊತ್ತು ಎಂಬ ದನಿ. ಎರಡೇ ವರ್ಷಕ್ಕೆ, 1948ರ ಮೇ 15ರಂದು, ಬರ್ಲಿನ್‌ನಲ್ಲಿ ಹೃದಯಾಘಾತದಿಂದ ಫ್ಲಾನಗನ್ ತೀರಿಕೊಂಡರು. ಯುದ್ಧದಲ್ಲಿ ಅನಾಥರಾದ ಮಕ್ಕಳನ್ನು ನೋಡಲು ಅಲ್ಲಿಗೆ ಹೋಗಿದ್ದರು. ಐರ್ಲೆಂಡಿನ ವಿಷಯ ಅಲ್ಲಿಗೇ ನಿಂತಿತು.

ಐರ್ಲೆಂಡಿನ ಪ್ರಧಾನಿ ಆ ಮಕ್ಕಳ ಕ್ಷಮೆ ಕೇಳಿದ್ದು 1999ರಲ್ಲಿ. ಆ ಸಂಸ್ಥೆಗಳ ತನಿಖೆ ಮಾಡಿದ ಆಯೋಗದ ರಯಾನ್ ವರದಿ ಬಂದದ್ದು 2009ರಲ್ಲಿ. ಹುಡುಗರ ಸಂಸ್ಥೆಗಳಲ್ಲಿ ಲೈಂಗಿಕ ದೌರ್ಜನ್ಯ ಬೇರುಬಿಟ್ಟಿತ್ತು, ಹೊಡೆತ ದಿನನಿತ್ಯದ ಪದ್ಧತಿಯೇ ಆಗಿತ್ತು ಅಂತ ಅದು ಬರೆಯಿತು. 1946ರಿಂದ 2009. ನಡುವಿನ 63 ವರ್ಷಗಳಲ್ಲಿ ಎಷ್ಟು ಮಕ್ಕಳು ಆ ಬಾಗಿಲು ದಾಟಿ ಒಳಗೆ ಹೋದರು ಅಂತ ಯೋಚಿಸಿದರೆ ಹೊಟ್ಟೆ ಉರಿಯುತ್ತದೆ. ಅನಾಥಾಲಯ ಕಟ್ಟಿದವರನ್ನು ನಾವು ಹೊಗಳುತ್ತೇವೆ. ತಮ್ಮದೇ ಚರ್ಚಿನ ಅನಾಥಾಲಯದಲ್ಲಿ ಮಕ್ಕಳಿಗೆ ಹಿಂಸೆ ಆಗುತ್ತಿದೆ ಅಂತ ಬಾಯಿಬಿಟ್ಟು ಹೇಳಿದವರನ್ನು ಯಾಕೆ ಅಷ್ಟೇ ನೆನೆಯುವುದಿಲ್ಲ? ನಿಮಗೇನನ್ನಿಸುತ್ತದೆ, ಬರೆಯಿರಿ.

ಒಮಾಹಾ ಕನ್ನಡತಿ:

ಮೇಷ್ಟ್ರೇ, ನಾನಿರೋದು ಬಾಯ್ಸ್ ಟೌನ್ ಪಕ್ಕದ ಒಮಾಹಾ ನಗರದಲ್ಲೇ. ಐರ್ಲೆಂಡಿನ ಕತೆಯನ್ನು ಇಷ್ಟು ಬಿಡಿಸಿ ಹೇಳಿದ್ದಕ್ಕೆ ಖುಷಿಯಾಯಿತು. ಆದರೆ ಅವರಿಗೆ ಆ ಧೈರ್ಯ ಎಲ್ಲಿಂದ ಬಂತು ಅಂತ ತಿಳಿಯಬೇಕಾದರೆ ಇಲ್ಲಿನ ಮೊದಲ ಕೆಲವು ವರ್ಷ ನೋಡಬೇಕು.

ಅವರು ಹುಡುಗರಿಂದ ಶುರು ಮಾಡಲಿಲ್ಲ. 1912ರಲ್ಲಿ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ಪಾದ್ರಿಯಾಗಿ ದೀಕ್ಷೆ ಆಯಿತು. ಶ್ವಾಸಕೋಶದ ತೊಂದರೆಯಿಂದ ಓದು ಎರಡು ಸಲ ನಿಂತಿತ್ತು. ನಡುವೆ ಒಮಾಹಾದ ಒಂದು ಮಾಂಸದ ಕಂಪನಿಯಲ್ಲಿ ಲೆಕ್ಕ ಬರೆಯುವ ಕೆಲಸವನ್ನೂ ಮಾಡಿದ್ದರು. ಪಾದ್ರಿಯಾಗಿ ಬಂದ ಮೇಲೆ ಇಲ್ಲಿ ಬರಗಾಲ. ಕೂಲಿ ಸಿಗದ ಗಂಡಸರು ರಸ್ತೆಯಲ್ಲಿ ಮಲಗುತ್ತಿದ್ದರು. ಅವರಿಗಾಗಿ 1916ರಲ್ಲಿ ಒಂದು ತಂಗುಮನೆ ತೆರೆದರು. ದಿನಾ ರಾತ್ರಿ ಅವರ ಜೊತೆ ಕೂತು ಮಾತಾಡಿದರು. ಕುಡುಕರು, ಅಲೆಮಾರಿಗಳು, ಜೈಲು ಕಂಡವರು. ಎಲ್ಲರ ಕತೆಯೂ ಒಂದೇ ಕಡೆ ಹೋಗಿ ನಿಲ್ಲುತ್ತಿತ್ತು: ಎಂಟು ಹತ್ತು ವರ್ಷದಲ್ಲೇ ಮನೆ ಮುರಿದಿತ್ತು, ಕೇಳುವವರು ಯಾರೂ ಇರಲಿಲ್ಲ. ನಲವತ್ತರ ಗಂಡಸನ್ನು ತಿದ್ದೋದಕ್ಕಿಂತ ಹತ್ತರ ಹುಡುಗನ ಕೈ ಹಿಡಿಯಬೇಕು ಅಂತ ಅವರಿಗೆ ಅನ್ನಿಸಿದ್ದು ಅಲ್ಲೇ. ಆಮೇಲೆ ಬಾಲಾಪರಾಧಿಗಳ ಕೋರ್ಟಿಗೆ ಹೋಗಿ ಕೂರಲು ಶುರು ಮಾಡಿದರು. ಮೊದಲ ಐದು ಹುಡುಗರಲ್ಲಿ ಮೂವರು ಕೋರ್ಟಿನಿಂದಲೇ ಬಂದವರು.

ಕೆಲವೇ ತಿಂಗಳಲ್ಲಿ ನೂರು ದಾಟಿದರು. ಜಾಗ ಸಾಲಲಿಲ್ಲ. ಆಗ ಮೊದಲ ಮಹಾಯುದ್ಧ, ಜರ್ಮನ್ ಅಂದರೆ ಜನ ಉರಿದು ಬೀಳುವ ಕಾಲ. ಊರಿನ ಜರ್ಮನ್ನರ ಸಂಘದ ದೊಡ್ಡ ಕಟ್ಟಡ ಖಾಲಿ ಬಿದ್ದಿತ್ತು. 1918ರಲ್ಲಿ ಹುಡುಗರು ಅಲ್ಲಿಗೆ ಹೋದರು. 1921ರಲ್ಲಿ ಊರಾಚೆ ‘ಓವರ್‌ಲುಕ್ ಫಾರ್ಮ್’ ಎಂಬ 160 ಎಕರೆ ಹೊಲ. ಆಗ ಅದು ಒಮಾಹಾದಿಂದ ಹತ್ತು ಮೈಲಿ ದೂರ. ಈಗ ಊರೇ ಬೆಳೆದು ಅದನ್ನು ಸುತ್ತುವರಿದಿದೆ, ದೊಡ್ಡ ಹೈವೇ ಪಕ್ಕದಲ್ಲೇ ಇದೆ. ಅವರು ಇದ್ದ ಮನೆ ಈಗ ಮ್ಯೂಸಿಯಂ. ಸಮಾಧಿ ಅಲ್ಲಿನ ಚರ್ಚಿನಲ್ಲಿ. ಹುಡುಗರು ಹಳೇ ಅಂಚೆಚೀಟಿ ಅಂಟಿಸಿ ಅಂಟಿಸಿ ಮಾಡಿದ ದೊಡ್ಡ ಚೆಂಡೂ ಒಂದಿದೆ. ಅದನ್ನು ನೋಡಿದರೆ ನಮ್ಮ ಮಕ್ಕಳು ಅಲ್ಲಿಂದ ಕದಲೋದೇ ಇಲ್ಲ.

ಅಲ್ಲಿ ಬೇಲಿ ಇರಲಿಲ್ಲ. ಹುಡುಗರು ಓಡಿಹೋಗುತ್ತಾರೆ, ಬೇಲಿ ಹಾಕಿ ಅಂತ ಬುದ್ಧಿ ಹೇಳಿದವರಿಗೆ, ನಾನು ಕಟ್ಟುತ್ತಿರೋದು ಜೈಲಲ್ಲ, ಮನೆ ಅಂದರಂತೆ. ಬೇಲಿ ಇಲ್ಲದೆ ಮಕ್ಕಳನ್ನು ಇಟ್ಟುಕೊಂಡು ತೋರಿಸಿದವರಿಗೆ ಐರ್ಲೆಂಡಿನ ಎತ್ತರದ ಗೋಡೆಗಳನ್ನು ನೋಡಿ ಸಿಟ್ಟು ಬಾರದೆ ಇರುತ್ತದಾ?

ನೇರನುಡಿ:

ಒಂದು ಪ್ರಶ್ನೆ ಕೇಳುತ್ತೇನೆ, ಯಾರೂ ಬೇಜಾರು ಮಾಡಿಕೊಳ್ಳಬೇಡಿ. ನಮ್ಮಲ್ಲಿ ಇಂಥ ಸಂಸ್ಥೆಗಳ ಮಾತು ಬಂದ ತಕ್ಷಣ ಜನ ಕೇಳೋದು ಮತಾಂತರದ ಬಗ್ಗೆ. ಅನ್ನ ಹಾಕಿ ಧರ್ಮ ಬದಲಿಸುತ್ತಾರೆ ಅಂತ. ಫ್ಲಾನಗನ್ ವಿಷಯದಲ್ಲಿ ಇದು ಹೇಗಿತ್ತು? ಮುಚ್ಚಿಡದೆ ಹೇಳಿ.

ಬಯಲುಸೀಮೆ ಮೇಷ್ಟ್ರು:

ಕೇಳಬೇಕಾದ ಪ್ರಶ್ನೆಯೇ. ಅನಾಥ ಮಗುವಿಗೆ ಇಲ್ಲ ಅನ್ನುವ ಶಕ್ತಿ ಇರುವುದಿಲ್ಲ. ಹಾಗಾಗಿ ಅದರ ಮೇಲೆ ಏನನ್ನೇ ಹೇರಿದರೂ ತಪ್ಪು.

ಫ್ಲಾನಗನ್ ಮೊದಲ ದಿನದಿಂದ ಎಲ್ಲ ಧರ್ಮದ, ಎಲ್ಲ ಬಣ್ಣದ ಹುಡುಗರನ್ನು ಸೇರಿಸಿಕೊಂಡರು. ಪ್ರಾರ್ಥನೆ ಮಾಡಬೇಕು ಎಂಬುದು ಅವರ ನಿಯಮ. ಆದರೆ ಹೇಗೆ, ಯಾವ ಧರ್ಮದ ಪ್ರಕಾರ ಎಂಬುದು ಹುಡುಗನಿಗೆ ಬಿಟ್ಟದ್ದು. ಪ್ರೊಟೆಸ್ಟೆಂಟ್, ಯಹೂದಿ ಹುಡುಗರು ತಮ್ಮ ಪದ್ಧತಿಯಲ್ಲೇ ಬೆಳೆಯಬಹುದಿತ್ತು. ಅವರ ಜೀವದ ಗೆಳೆಯರಲ್ಲಿ ಒಬ್ಬರು ಹೆನ್ರಿ ಮಾನ್ಸ್ಕಿ, ಒಮಾಹಾದ ಯಹೂದಿ ವಕೀಲರು. ಆ ಮೊದಲ 90 ಡಾಲರ್ ಕೊಟ್ಟವರು ಯಾರು ಅಂತ ಫ್ಲಾನಗನ್ ಹೇಳಲಿಲ್ಲ. ಕೊಟ್ಟದ್ದು ಮಾನ್ಸ್ಕಿಯೇ ಅಂತ ತುಂಬ ಜನ ನಂಬುತ್ತಾರೆ.

ಬಣ್ಣದ ವಿಷಯ ಇನ್ನೂ ಕಷ್ಟದ್ದು. 1919ರ ಸೆಪ್ಟೆಂಬರ್‌ನಲ್ಲಿ ಅದೇ ಒಮಾಹಾದಲ್ಲಿ ಸಾವಿರಾರು ಜನರ ಗುಂಪು ಕೋರ್ಟ್ ಕಟ್ಟಡಕ್ಕೆ ಬೆಂಕಿ ಇಟ್ಟು, ವಿಲ್ ಬ್ರೌನ್ ಎಂಬ ಕಪ್ಪು ಮನುಷ್ಯನನ್ನು ಹೊರಗೆಳೆದು ಕೊಂದಿತು. ಅಂಥ ಊರಲ್ಲಿ ಕಪ್ಪು ಹುಡುಗರನ್ನೂ ಬಿಳಿ ಹುಡುಗರನ್ನೂ ಒಂದೇ ಸೂರಿನಡಿ ಮಲಗಿಸಿದ್ದರು. ಕಪ್ಪು ಜನರನ್ನು ದ್ವೇಷಿಸುವ ಬಿಳಿಯರ ಗುಂಪಾದ ಕು ಕ್ಲಕ್ಸ್ ಕ್ಲಾನ್‌ನವರ ಬೆದರಿಕೆ ಬಂತು, ಅವರು ಬಗ್ಗಲಿಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ ಜಪಾನಿ ಮೂಲದ ಅಮೆರಿಕನ್ನರನ್ನು ಸರ್ಕಾರ ಶಿಬಿರಗಳಲ್ಲಿ ಕೂಡಿಹಾಕಿದಾಗ, ಅಂಥ ಹಲವು ಕುಟುಂಬಗಳಿಗೆ ಬಾಯ್ಸ್ ಟೌನ್‌ನಲ್ಲಿ ಕೆಲಸ, ಮನೆ ಕೊಟ್ಟು ಹೊರಗೆ ತಂದರು.

ಕುಂದಾಪ್ರದ ಹುಡುಗ:

ಅಲ್ಲಿ ಹುಡುಗರೇ ಚುನಾವಣೆ ಮಾಡಿ ಮೇಯರ್ ಆರಿಸುತ್ತಿದ್ದರು ಅಂತ ಕೇಳಿದ್ದೆ. ಅದು ನಿಜವಾ? ನಿಜ ಆದರೆ ನನಗೆ ಅದೇ ದೊಡ್ಡ ವಿಷಯ.

ನಮ್ಮ ಕುಂದಾಪುರ ತಾಲೂಕಿನಲ್ಲಿ 1990ರ ದಶಕದಲ್ಲಿ ಮಕ್ಕಳ ಪಂಚಾಯ್ತಿ ಶುರುವಾಯಿತು. ಕೆರಾಡಿಯಂಥ ಊರುಗಳಲ್ಲಿ. ದುಡಿಯುವ ಮಕ್ಕಳೇ ಸೇರಿ ಮಾಡಿಕೊಂಡ ಭೀಮ ಸಂಘ ಅದರ ಹಿಂದೆ ಇತ್ತು. ಮಕ್ಕಳು ಓಟು ಹಾಕಿ ಸದಸ್ಯರನ್ನು ಆರಿಸಿ, ದೊಡ್ಡವರ ಪಂಚಾಯ್ತಿ ಮುಂದೆ ಬೇಡಿಕೆ ಇಡುತ್ತಿದ್ದರು. ಮಳೆಗಾಲದಲ್ಲಿ ಶಾಲೆಗೆ ಹೋಗಲು ಕಾಲುಸಂಕ (ನಡೆದು ದಾಟುವ ಸಣ್ಣ ಸೇತುವೆ) ಬೇಕು ಅನ್ನೋದು ನಮ್ಮ ಕಡೆ ಮಕ್ಕಳಿಗೆ ಮಾತ್ರ ಸರಿಯಾಗಿ ಗೊತ್ತಿರುವ ವಿಷಯ. ತೋಡು ದಾಟುವವರು ಅವರೇ ಅಲ್ವಾ. ದೊಡ್ಡವರು ರಸ್ತೆ, ಬೋರ್‌ವೆಲ್ ಅಂತ ಮಾತಾಡುವಾಗ ಮಕ್ಕಳು ಸಂಕದ ಬಗ್ಗೆ ಮಾತಾಡುತ್ತಿದ್ದರು. ಈಗ ರಾಜ್ಯದ ಎಲ್ಲ ಕಡೆ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ಮಾಡಬೇಕು ಅಂತ ಇದೆ. ಎಷ್ಟೋ ಕಡೆ ಅದು ಭಾಷಣ, ಬಿಸ್ಕತ್ತಿಗೆ ಮುಗಿಯುತ್ತದೆ. ಮಕ್ಕಳು ಹೇಳಿದ್ದನ್ನು ಬರೆದುಕೊಂಡು, ಮುಂದಿನ ವರ್ಷ ಬಂದು ಏನಾಯಿತು ಅಂತ ಉತ್ತರ ಕೊಡುವ ಪಂಚಾಯ್ತಿಗಳೂ ಇವೆ. ಅಲ್ಲಿನ ಮಕ್ಕಳು ಮಾತಾಡುವ ರೀತಿಯೇ ಬೇರೆ.

ಒಮಾಹಾ ಕನ್ನಡತಿ:

ನಿಜ ತಮ್ಮಾ. 1926ರಿಂದ ಹುಡುಗರೇ ತಮ್ಮ ಆಡಳಿತ ಆರಿಸಿಕೊಳ್ಳಲು ಶುರು ಮಾಡಿದರು. ಮೇಯರ್, ಕಮಿಷನರ್‌ಗಳು, ತಪ್ಪು ಮಾಡಿದವರ ವಿಚಾರಣೆಗೆ ಹುಡುಗರದೇ ಕೋರ್ಟು. 1936ರಲ್ಲಿ ಸರ್ಕಾರದ ಲೆಕ್ಕದಲ್ಲೂ ಅದು ಒಂದು ಊರಾಯಿತು. ಮೇಯರ್ ಚುನಾವಣೆ ಇಂದಿಗೂ ನಡೆಯುತ್ತದೆ. 1979ರಿಂದ ಹುಡುಗಿಯರೂ ಇದ್ದಾರೆ.

ಇಲ್ಲಿ ಒಂದು ಪ್ರತಿಮೆ ಇದೆ, ಸ್ವಲ್ಪ ದೊಡ್ಡ ಹುಡುಗನೊಬ್ಬ ಚಿಕ್ಕವನನ್ನು ಬೆನ್ನ ಮೇಲೆ ಹೊತ್ತಿರುವುದು. ಇದರ ಹಿಂದೆ ನಡೆದ ಸಂಗತಿ ಇದೆ. ಆರಂಭದ ದಿನಗಳಲ್ಲಿ ಪೋಲಿಯೋ ಆಗಿ ಕಾಲಿಗೆ ಕಬ್ಬಿಣದ ಪಟ್ಟಿ ಹಾಕಿಕೊಂಡಿದ್ದ ಹುಡುಗನೊಬ್ಬ ಬಂದ. ಅವನಿಗೆ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಉಳಿದ ಹುಡುಗರು ಸರದಿಯ ಮೇಲೆ ಹೊತ್ತುಕೊಂಡು ಹೋಗುತ್ತಿದ್ದರು. ಭಾರ ಆಗುವುದಿಲ್ಲವಾ ಅಂತ ಫಾದರ್ ಕೇಳಿದಾಗ, ಭಾರ ಏನಿಲ್ಲ ಫಾದರ್, ಇವನು ನನ್ನ ತಮ್ಮ ಅಂದನಂತೆ ಒಬ್ಬ. ಹೊತ್ತವನೂ ಬೀದಿಯಿಂದ ಬಂದವನೇ.

ಸ್ಟೇಷನ್ ರಸ್ತೆ:

ಮೇಷ್ಟ್ರು ಬರೆದದ್ದು ಮನಸ್ಸಿಗೆ ತಟ್ಟಿತು. ಆದರೂ ಒಂದು ಮಾತಿಗೆ ನನ್ನ ಒಪ್ಪಿಗೆ ಇಲ್ಲ. ನಾನು ರೈಲ್ವೆ ಸ್ಟೇಷನ್ ಮಕ್ಕಳ ಜೊತೆ ಬಹಳ ವರ್ಷ ಕೆಲಸ ಮಾಡಿದವಳು.

ಫ್ಲಾನಗನ್ ಅವರ ಪ್ರಸಿದ್ಧ ಮಾತು: ಕೆಟ್ಟ ಹುಡುಗ ಅಂತ ಯಾರೂ ಇಲ್ಲ, ಕೆಟ್ಟ ವಾತಾವರಣ, ಕೆಟ್ಟ ತರಬೇತಿ, ಕೆಟ್ಟ ಮಾದರಿ ಇರುತ್ತದೆ ಅಷ್ಟೆ. ನಾನೂ ಇದನ್ನು ನಂಬುತ್ತೇನೆ. ನಂಬಿದ ಮೇಲೆ ದಿನಾ ಏನು ಮಾಡಬೇಕಾಗುತ್ತದೆ ಅಂತ ಹೇಳುತ್ತೇನೆ ಕೇಳಿ. ಪ್ಲಾಟ್‌ಫಾರ್ಮಿಗೆ ಇಳಿದ ಹುಡುಗ ಮೊದಲು ಹೇಳುವ ಹೆಸರು ಸುಳ್ಳು, ಊರೂ ಸುಳ್ಳು. ಅದು ತಪ್ಪಲ್ಲ, ಅವನ ರಕ್ಷಣೆ. ಕೆಲವರ ಕೈಯಲ್ಲಿ ಸಲ್ಯೂಷನ್, ಅಂದರೆ ನಶೆ ಏರಿಸುವ ಅಂಟು, ಹಚ್ಚಿದ ಬಟ್ಟೆ. ಹಸಿವು ಮರೆಯಲು, ಚಳಿ ಮರೆಯಲು ಮೂಸುತ್ತಾರೆ. ಶೆಲ್ಟರ್‌ಗೆ ಕರೆತಂದರೆ ರಾತ್ರಿ ಗೋಡೆ ಹಾರಿ ಹೋಗುತ್ತಾರೆ. ಮತ್ತೆ ಬರುತ್ತಾರೆ. ಮತ್ತೆ ಹೋಗುತ್ತಾರೆ. ಹೋದವನು ಮತ್ತೆ ಬಂದಾಗ ಯಾಕೋ ಹೋದೆ ಅಂತ ಗದರದೆ, ಊಟ ಆಯಿತಾ ಅಂತ ಕೇಳುವವರು ಬೇಕು. ಅವನು ನಿಲ್ಲೋದು ಅಂಥವರ ಹತ್ತಿರ ಮಾತ್ರ.

ಬೆಂಗಳೂರಿನಲ್ಲಿ 1980ರಲ್ಲಿ ಡಾನ್ ಬಾಸ್ಕೋ ಪಂಗಡದ ಗುರುಮಠದ ವಿದ್ಯಾರ್ಥಿಗಳು ಬೀದಿ ಮಕ್ಕಳ ನಡುವೆ ಹೋಗಲು ಶುರು ಮಾಡಿದ್ದೂ ಹೀಗೇ. ಅದೇ ಮುಂದೆ ‘ಬಾಸ್ಕೋ’ ಸಂಸ್ಥೆಯಾಯಿತು. ಅವರ ಮೂಲಪುರುಷ ಡಾನ್ ಬಾಸ್ಕೋ, ಫ್ಲಾನಗನ್‌ಗಿಂತ ಎಪ್ಪತ್ತು ವರ್ಷ ಹಿಂದಿನವರು. ಇಟಲಿಯ ಟ್ಯೂರಿನ್ ನಗರದಲ್ಲಿ ಕೂಲಿಗೆ ಬಂದ ಹುಡುಗರಿಗಾಗಿ, 1850ರ ದಶಕದ ಶುರುವಿನಲ್ಲೇ ಮಾಲೀಕರ ಹತ್ತಿರ ಛಾಪಾ ಕಾಗದದ ಮೇಲೆ ಕರಾರು ಬರೆಸಿಕೊಳ್ಳುತ್ತಿದ್ದರು. ಹುಡುಗನನ್ನು ಹೊಡೆಯಬಾರದು, ಕಸುಬು ಕಲಿಸಬೇಕು, ಭಾನುವಾರ ರಜೆ ಕೊಡಬೇಕು ಅಂತ. ಪ್ರೀತಿ ಇದ್ದರೆ ಸಾಲದು, ಕಾಗದದಲ್ಲೂ ಇರಬೇಕು ಅಂತ ಅವರಿಗೆ ಅಷ್ಟು ಹಿಂದೆಯೇ ತಿಳಿದಿತ್ತು.

ಈಗ ನನ್ನ ತಕರಾರು. ನೂರಾರು ಮಕ್ಕಳನ್ನು ಒಂದೇ ಕಡೆ ಇಡುವ ದೊಡ್ಡ ಕ್ಯಾಂಪಸ್, ನಡೆಸುವವರು ಎಷ್ಟೇ ಒಳ್ಳೆಯವರಾದರೂ, ಮಗುವಿಗೆ ಮನೆ ಆಗುವುದಿಲ್ಲ. ನಮ್ಮ 2015ರ ಬಾಲನ್ಯಾಯ ಕಾಯಿದೆಯೂ ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿ ಆಗಿರಬೇಕು ಅನ್ನುತ್ತದೆ. ಮೊದಲು ಅವನ ಸ್ವಂತ ಮನೆ, ಆಗದಿದ್ದರೆ ಅಜ್ಜಿಯೋ ಸೋದರಮಾವನೋ, ಅದೂ ಆಗದಿದ್ದರೆ ಬೇರೆ ಕುಟುಂಬ. ಎಲ್ಲ ಮುಗಿದ ಮೇಲೆ ಬಾಲಮಂದಿರ. ಓಡಿಬಂದ ಬಹಳ ಮಕ್ಕಳಿಗೆ ಎಲ್ಲೋ ಒಂದು ಮನೆ ಇರುತ್ತದೆ. ಅಪ್ಪ ಹೊಡೆದ, ಪರೀಕ್ಷೆ ಫೇಲಾಯಿತು ಅಂತ ಬಂದಿರುತ್ತಾರೆ. ಆ ಮನೆಯನ್ನು ಸರಿಮಾಡುವ ಕೆಲಸ ಕಷ್ಟ. ಅದರ ಫೋಟೋ ತೆಗೆಯಲು ಆಗುವುದಿಲ್ಲ, ಅದಕ್ಕೆ ದಾನಿಗಳೂ ಸಿಗುವುದಿಲ್ಲ. ನೂರು ಮಕ್ಕಳು ಸಾಲಾಗಿ ನಿಂತು ಪ್ರಾರ್ಥನೆ ಮಾಡುವ ಕಟ್ಟಡಕ್ಕೆ ಮಾತ್ರ ದುಡ್ಡು ಹರಿದು ಬರುತ್ತದೆ.

ಲೆಕ್ಕದವರು:

ದುಡ್ಡಿನ ಮಾತು ಬಂದದ್ದರಿಂದ ಹೇಳಲೇಬೇಕು. 1972ರಲ್ಲಿ ಒಮಾಹಾದ ‘ಸನ್’ ಎಂಬ ಸಣ್ಣ ವಾರಪತ್ರಿಕೆ ಬಾಯ್ಸ್ ಟೌನ್ ಲೆಕ್ಕ ಹೊರಗೆಳೆಯಿತು. ಆಗ ಆ ಪತ್ರಿಕೆಯ ಮಾಲೀಕ ವಾರನ್ ಬಫೆಟ್. ಸಂಸ್ಥೆಯ ಹತ್ತಿರ 20 ಕೋಟಿ ಡಾಲರ್‌ಗೂ ಜಾಸ್ತಿ ಆಸ್ತಿ ಕೂತಿತ್ತು. ಅಲ್ಲಿದ್ದ ಹುಡುಗರು ಸಾವಿರಕ್ಕೂ ಕಡಿಮೆ. ಆದರೂ ವರ್ಷವರ್ಷ ಕೋಟ್ಯಂತರ ಪತ್ರ ಹಾಕಿ ಜನರಿಂದ ದಾನ ಕೇಳುತ್ತಲೇ ಇದ್ದರು. ಆ ವರದಿಗೆ 1973ರಲ್ಲಿ ಅಮೆರಿಕದ ಪತ್ರಿಕೋದ್ಯಮದ ದೊಡ್ಡ ಪ್ರಶಸ್ತಿಯಾದ ಪುಲಿಟ್ಜರ್ ಬಂತು. ಬಡ ಮುದುಕಿಯರು ಪಿಂಚಣಿಯಲ್ಲಿ ಉಳಿಸಿ ಒಂದೊಂದು ಡಾಲರ್ ಕಳಿಸುವಂಥ ಸಂಸ್ಥೆ ಹೀಗಿದ್ದರೆ, ಸ್ಥಾಪಕರ ಒಳ್ಳೆಯತನ ಹೇಳಿ ಏನು ಉಪಯೋಗ?

ಬಯಲುಸೀಮೆ ಮೇಷ್ಟ್ರು:

ಅದು ಫ್ಲಾನಗನ್ ತೀರಿಕೊಂಡು 24 ವರ್ಷ ಆದ ಮೇಲಿನ ಮಾತು. ಆದರೂ ಮುಚ್ಚಿಡುವಂಥದ್ದಲ್ಲ. ಆಮೇಲೆ ಏನಾಯಿತು ಅನ್ನೋದನ್ನೂ ಸೇರಿಸುತ್ತೇನೆ, ಯಾಕೆಂದರೆ ನನ್ನ ಮೊದಲ ಪ್ರಶ್ನೆಗೆ ಉತ್ತರ ಅಲ್ಲೇ ಇದೆ ಅನ್ನಿಸುತ್ತದೆ.

ವರದಿ ಬಂದ ಮೇಲೆ ಬಾಯ್ಸ್ ಟೌನ್ ಬದಲಾಗಬೇಕಾಯಿತು. ಕೂತಿದ್ದ ದುಡ್ಡು ಕೆಲಸಕ್ಕೆ ಇಳಿಯಿತು. 1977ರಲ್ಲಿ ಕಿವಿ ಕೇಳದ, ಮಾತು ಬಾರದ ಮಕ್ಕಳಿಗಾಗಿ ಆಸ್ಪತ್ರೆ, ಸಂಶೋಧನಾ ಕೇಂದ್ರ ತೆರೆಯಿತು. ಸ್ಟೇಷನ್ ರಸ್ತೆ ಮೇಡಂ ಹೇಳಿದ ತಕರಾರು ಇದೆಯಲ್ಲ, ಅದಕ್ಕೂ ಅದೇ ದಶಕದಲ್ಲಿ ಉತ್ತರ ಹುಡುಕಿದರು. ಉದ್ದುದ್ದ ಡಾರ್ಮಿಟರಿ ಬಿಟ್ಟು ಸಣ್ಣ ಸಣ್ಣ ಮನೆ ಮಾಡಿದರು. ಒಂದೊಂದು ಮನೆಯಲ್ಲಿ ಗಂಡ ಹೆಂಡತಿ, ಅವರ ಜೊತೆ ಕೆಲವೇ ಮಕ್ಕಳು. ಒಂದೇ ಅಡುಗೆಮನೆ, ಒಂದೇ ಊಟದ ಮೇಜು.

ಅಮೆರಿಕದಲ್ಲಿ ಸಣ್ಣ ಪತ್ರಿಕೆಯೊಂದು ಲೆಕ್ಕ ಕೇಳಿತು, ಸಂಸ್ಥೆ ತಿದ್ದಿಕೊಂಡಿತು. ಐರ್ಲೆಂಡಿನಲ್ಲಿ ಜಗತ್ತೇ ಬಲ್ಲ ಪಾದ್ರಿ ಕೇಳಿದರೂ ಬಾಗಿಲು ತೆರೆಯಲಿಲ್ಲ. ಯಾಕೆಂದರೆ ಅಲ್ಲಿ ಸರ್ಕಾರ, ಚರ್ಚು, ಕೋರ್ಟು ಒಂದೇ ಕಡೆ ನಿಂತಿದ್ದವು. ಶಿಕ್ಷಣ ಇಲಾಖೆ ಚರ್ಚಿನ ಸಂಘಗಳಿಗೆ ತಲೆಬಾಗಿ ನಡೆಯುತ್ತಿತ್ತು, ತಪಾಸಣೆ ಹೆಸರಿಗಷ್ಟೇ ಇತ್ತು ಅಂತ ರಯಾನ್ ವರದಿಯೇ ಹೇಳಿದೆ. ಮಗು ಹೇಳಿದರೆ ಸುಳ್ಳು ಅಂದರು. ತಾಯಿ ಹೇಳಿದರೆ ಬಡವಳು ಅಂದರು. ಫ್ಲಾನಗನ್ ಹೇಳಿದಾಗ ಹೊರಗಿನವರು ಅಂದರು.

ನೇರನುಡಿ:

ಮತಾಂತರದ ಬಗ್ಗೆ ನೀವು ಕೊಟ್ಟ ಉತ್ತರ ಒಪ್ಪುತ್ತೇನೆ. ಆದರೆ ಕೆಟ್ಟ ಹುಡುಗ ಇಲ್ಲ ಅನ್ನೋದು ನನಗೆ ಅರಗುತ್ತಿಲ್ಲ. 2012ರ ದೆಹಲಿ ಪ್ರಕರಣ ನೆನಪಿಸಿಕೊಳ್ಳಿ. ಅದರಲ್ಲಿ 18 ತುಂಬದವನೊಬ್ಬ ಇದ್ದ. ದೇಶವೇ ಬೀದಿಗಿಳಿಯಿತು. ಅದಕ್ಕೇ ಅಲ್ವಾ 2015ರ ಕಾಯಿದೆಯಲ್ಲಿ 16ರಿಂದ 18ರ ವಯಸ್ಸಿನವರು ಘೋರ ಅಪರಾಧ ಮಾಡಿದರೆ ದೊಡ್ಡವರಂತೆ ವಿಚಾರಣೆ ಮಾಡಬಹುದು ಅಂತ ಸೇರಿಸಿದ್ದು? ಸತ್ತವಳ ತಾಯಿಯ ಮುಂದೆ ನಿಂತು ಈ ಮಾತು ಹೇಳಲು ಆಗುತ್ತದಾ?

ಬಯಲುಸೀಮೆ ಮೇಷ್ಟ್ರು:

ಆ ತಾಯಿಯ ಮುಂದೆ ಯಾವ ಮಾತನ್ನೂ ಹೇಳಲು ಆಗುವುದಿಲ್ಲ. ಅದನ್ನು ಒಪ್ಪುತ್ತೇನೆ.

ಆದರೆ ಫ್ಲಾನಗನ್ ಇದನ್ನು ಸುಲಭದ ಜಾಗದಲ್ಲಿ ನಿಂತು ಹೇಳಲಿಲ್ಲ. 1931ರಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ 12 ವರ್ಷದ ಹುಡುಗನೊಬ್ಬ ರಾತ್ರಿ ಅಂಗಡಿಗೆ ನುಗ್ಗಿದ. ಹಿಡಿಯಲು ಬಂದ ಶೆರೀಫ್‌ಗೆ, ಅಂದರೆ ಅಲ್ಲಿನ ಪೊಲೀಸ್ ಅಧಿಕಾರಿಗೆ, ಗುಂಡು ಹಾರಿಸಿ ಕೊಂದುಬಿಟ್ಟ. ಕೋರ್ಟು ಜೀವಾವಧಿ ಶಿಕ್ಷೆ ಕೊಟ್ಟು ದೊಡ್ಡವರ ಜೈಲಿಗೆ ಹಾಕಿತು. ಕೊಲೆಯಾದವರು ಊರಿಗೆ ಬೇಕಾದ ವಯಸ್ಸಾದ ಮನುಷ್ಯ, ಜನರ ಸಿಟ್ಟು ನ್ಯಾಯವಾದದ್ದೇ. ಫ್ಲಾನಗನ್ ಅಷ್ಟು ದೂರ ಹೋಗಿ, ರೇಡಿಯೋದಲ್ಲಿ ಮಾತಾಡಿ, ಹುಡುಗನನ್ನು ನನಗೆ ಕೊಡಿ, ನಾನು ಬೆಳೆಸುತ್ತೇನೆ ಅಂತ ಬೇಡಿದರು. ಗವರ್ನರ್ ಒಪ್ಪಲಿಲ್ಲ. ಹುಡುಗ ಜೈಲಿನಲ್ಲೇ ಬೆಳೆದ. ಅಲ್ಲಿ ಓದು ಕಲಿತ. ಹತ್ತು ವರ್ಷದ ಮೇಲೆ ಹೊರಗೆ ಬಂದು, ಮತ್ತೆ ಯಾರ ತಂಟೆಗೂ ಹೋಗದೆ ದುಡಿದು ಬದುಕಿದ.

ತಪ್ಪು ನಡೆದಿಲ್ಲ ಅಂತ ಫ್ಲಾನಗನ್ ಎಂದೂ ಹೇಳಲಿಲ್ಲ. 12 ವರ್ಷದವನ ಬದುಕು ಮುಗಿಯಿತು ಅಂತ ಬರೆಯುವ ಅಧಿಕಾರ ಯಾರಿಗೂ ಇಲ್ಲ ಎಂಬುದಷ್ಟೇ ಅವರ ವಾದ.

ಹಾಸ್ಟೆಲ್ ಹುಡುಗ:

ಮೊದಲಿಂದ ಓದಿಕೊಂಡು ಬಂದೆ. ಬರೆಯಬೇಕೋ ಬೇಡವೋ ಅಂತ ಯೋಚಿಸಿ ಬರೆಯುತ್ತಿದ್ದೇನೆ. ನಾನು ಬೆಳೆದದ್ದು ಇಂಥ ಒಂದು ಸಂಸ್ಥೆಯಲ್ಲೇ. ಹೆಸರು ಬೇಡ.

ಅನ್ನಕ್ಕೆ ಕೊರತೆ ಇರಲಿಲ್ಲ. ಓದಿಸಿದರು, ಆ ಋಣ ದೊಡ್ಡದು. ಆದರೆ ತಪಾಸಣೆಗೆ ಬರುವ ದಿನ ನಮಗೆ ಮೊದಲೇ ಗೊತ್ತಿರುತ್ತಿತ್ತು. ಹೊಸ ಬೆಡ್‌ಶೀಟ್ ಹಾಸುತ್ತಿದ್ದರು, ಊಟಕ್ಕೆ ಪಲ್ಯ ಜಾಸ್ತಿ. ಸಾಹೇಬರು ವಾರ್ಡನ್ ಪಕ್ಕದಲ್ಲೇ ನಿಂತು, ಎಲ್ಲ ಚೆನ್ನಾಗಿದೆಯಾ ಅಂತ ಕೇಳುತ್ತಿದ್ದರು. ಹೊಡೆಯುವವನು ಎದುರಿಗೇ ಇದ್ದರೆ ಯಾವ ಮಗು ಬಾಯಿ ಬಿಡುತ್ತದೆ? ನಾವು ಸಾಲಾಗಿ ನಿಂತು ಚೆನ್ನಾಗಿದೆ ಸಾರ್ ಅನ್ನುತ್ತಿದ್ದೆವು. ಕಾರ್ಕ್ ಸಭೆಯ ಭಾಗ ಓದಿದಾಗ ಎದೆ ಭಾರವಾಯಿತು. ನಮ್ಮ ಪರವಾಗಿ ಅಷ್ಟು ಗಟ್ಟಿಯಾಗಿ ಮಾತಾಡಿದ ದೊಡ್ಡವರು ಇದ್ದರು ಅಂತ ಆ ಐರಿಶ್ ಹುಡುಗರಿಗೆ ಒಳಗೆ ಸುದ್ದಿ ಮುಟ್ಟಿತ್ತೋ ಇಲ್ಲವೋ.

ಇನ್ನೊಂದು. ಹುಟ್ಟುಹಬ್ಬಕ್ಕೆ ಅಂತ ಜನ ಬರುತ್ತಿದ್ದರು. ಅವರ ಮಗುವಿನ ಹುಟ್ಟುಹಬ್ಬ. ಕೇಕ್ ಕತ್ತರಿಸಿ, ನಮ್ಮನ್ನು ಹಿಂದೆ ನಿಲ್ಲಿಸಿ ಫೋಟೋ ತೆಗೆದು ಹೋಗುತ್ತಿದ್ದರು. ಕೊಟ್ಟ ಮನಸ್ಸು ಒಳ್ಳೆಯದೇ. ಆದರೆ ನನ್ನ ಹೆಸರು ಕೇಳಿದವರು ಬಹಳ ಕಡಿಮೆ. ನನ್ನ ಹುಟ್ಟುಹಬ್ಬ ಯಾವಾಗ ಅಂತ ಯಾರೂ ಕೇಳಲಿಲ್ಲ.

ಕುಂದಾಪ್ರದ ಹುಡುಗ:

ಅಣ್ಣಾ, ಬರೆದದ್ದಕ್ಕೆ ತುಂಬ ಥ್ಯಾಂಕ್ಸ್. ಒಂದು ಕೇಳುತ್ತೇನೆ. ನಮ್ಮಂಥವರು ಏನು ಮಾಡಿದರೆ ನಿಮಗೆ ಆಗ ಉಪಯೋಗ ಆಗುತ್ತಿತ್ತು?

ಸ್ಟೇಷನ್ ರಸ್ತೆ:

ಅವರು ಉತ್ತರಿಸುವ ಮೊದಲು ನನ್ನ ಕಡೆಯಿಂದ ಒಂದು. ಬಸ್‌ಸ್ಟ್ಯಾಂಡಿನಲ್ಲೋ ರೈಲಿನಲ್ಲೋ ಒಂಟಿ ಮಗು ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಯಾವಾಗಲೂ ಮಾಡಬಹುದು, ದುಡ್ಡು ಬೀಳುವುದಿಲ್ಲ. ಪ್ರೀತಿಯಿಂದಲೇ ಆದರೂ ಮನೆಗೆ ಕರೆದುಕೊಂಡು ಹೋಗಬೇಡಿ. 24 ಗಂಟೆಯೊಳಗೆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿ ಮುಂದೆ ತರಬೇಕು ಅಂತ ಕಾನೂನಿದೆ. ಫೋನ್ ಮಾಡಿ ಹೊರಟುಬಿಡಬೇಡಿ. ಅವರು ಬರುವ ತನಕ ಅಲ್ಲೇ ಕೂತಿರಿ. ಟೀ, ಬನ್ ಕೊಡಿಸಿ. ಜಾಸ್ತಿ ಪ್ರಶ್ನೆ ಕೇಳಬೇಡಿ. ಫೋಟೋ ತೆಗೆದು ಗ್ರೂಪಿಗೆ ಹಾಕಲೇಬೇಡಿ. ಮಗುವಿನ ಗುರುತು ಹೊರಗೆ ಹಾಕುವುದು ಅಪರಾಧ.

ಹಾಸ್ಟೆಲ್ ಹುಡುಗ:

ಕುಂದಾಪ್ರದ ತಮ್ಮಾ, ನನಗೆ ಉಪಯೋಗ ಆದ ಒಬ್ಬರನ್ನೇ ಹೇಳುತ್ತೇನೆ. ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದವರು. ಭಾನುವಾರ ಬಂದು ಗಣಿತ ಹೇಳಿಕೊಡುತ್ತಿದ್ದರು. ಏನನ್ನೂ ತರುತ್ತಿರಲಿಲ್ಲ. ಹೋದ ವಾರ ಎಲ್ಲಿ ನಿಲ್ಲಿಸಿದ್ದೆವು ಅಂತ ಅವರಿಗೆ ನೆನಪಿರುತ್ತಿತ್ತು. ಒಂದು ಸಲ ನನ್ನ ಬೆನ್ನಿನ ಬಾಸುಂಡೆ ನೋಡಿದರು. ಅಲ್ಲಿ ಏನೂ ಕೇಳಲಿಲ್ಲ. ಗೇಟಿನ ಹೊರಗೆ ಕರೆದುಕೊಂಡು ಹೋಗಿ ಕೇಳಿದರು, ಆಮೇಲೆ ದೂರು ಬರೆದು ಕೊಟ್ಟರು. ಆ ವಾರ್ಡನ್ ಹೋದ. ಅವರನ್ನೂ ಸಂಸ್ಥೆಯವರು ಆಮೇಲೆ ಒಳಗೆ ಬಿಡಲಿಲ್ಲ. ಗಣಿತ ಅಲ್ಲಿಗೇ ನಿಂತಿತು, ಆದರೆ ನಾವು ರಾತ್ರಿ ನಿದ್ದೆ ಮಾಡಿದೆವು. ನೀವು ಹೋಗುವುದಾದರೆ ಒಂದೇ ಕಡೆ ಹೋಗಿ, ಹೋಗುತ್ತಲೇ ಇರಿ, ಮಕ್ಕಳ ಹೆಸರು ಕಲಿಯಿರಿ.